ಹೋರಿಯ ಹಲ್ಲು, ಹುಡುಗನ ಮೊಣಕಾಲು

2025ರ ಮೇ 31 ಮತ್ತು ಜೂನ್ 1ರಂದು ಮುಂಬೈಯಲ್ಲಿ ಪ್ರೊ ಕಬಡ್ಡಿ ಲೀಗಿನ ಹನ್ನೆರಡನೇ ಸೀಸನ್ನಿನ ಹರಾಜು ನಡೆಯಿತು. ಅದಕ್ಕೂ ಹಿಂದಿನ ಸೀಸನ್ನಿನಲ್ಲಿ ಬೆಂಗಳೂರು ಬುಲ್ಸ್ ಹನ್ನೆರಡು ತಂಡಗಳ ಪೈಕಿ ಕೊನೆಯದಾಗಿ ಮುಗಿಸಿತ್ತು. ಹಾಗಾಗಿ ಹರಾಜಿಗೆ ಮುಂಚಿನ ಎರಡು ವಾರ ನಮ್ಮ ಕಡೆ, ಅಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ಹಳೆಯ ನಾಲ್ಕು ತಾಲೂಕುಗಳಲ್ಲಿ (ಕುಕನೂರು, ಕನಕಗಿರಿ, ಕಾರಟಗಿಯವರು ಸಿಟ್ಟಾಗಬಾರದು), ಕಬಡ್ಡಿ ನೋಡುವವರು ಎಲ್ಲಿ ಸೇರಿದರೂ ಒಂದೇ ತಕರಾರು: ಇದ್ದ ದುಡ್ಡನ್ನು ಹೆಸರು ಮಾಡಿದ ರೈಡರ್ ಮೇಲೆ ಹಾಕಬೇಕೋ, ಇನ್ನೂ ಹದಕ್ಕೆ ಬಾರದ, ಬಂದರೆ ಮಾತ್ರ ಭಾರೀ ಆಗಬಲ್ಲ ಒಬ್ಬ ಡಿಫೆಂಡರ್ ಮೇಲೆ ಸುರಿಯಬೇಕೋ?

ನನ್ನ ಪಿಎಚ್‌ಡಿ ಕನ್ನಡ ವಿಮರ್ಶೆಯ ಪರಿಭಾಷೆಯ ಮೇಲೆ. 'ಸತ್ವ', 'ಹದ', 'ಭರವಸೆ', 'ಪ್ರಾಮಾಣಿಕತೆ' ಮುಂತಾದ ಮಾತುಗಳು ಎಲ್ಲಿಂದ ಬಂದವು, ಏನನ್ನು ಅಳೆಯುತ್ತವೆ ಎಂದು ಹುಡುಕುವುದು ನನ್ನ ಕೆಲಸ. ಆ ಎರಡು ವಾರ ನಾನು ಕಿವಿ ತೆರೆದು ಕೂತಿದ್ದು ಆಟದ ಹುಚ್ಚಿನಿಂದ ಮಾತ್ರವಲ್ಲ. ಚಹಾದಂಗಡಿಯ ಈ ಜಗಳ ಶುದ್ಧ ವಿಮರ್ಶೆ ಎಂಬ ಗುಮಾನಿಯೂ ಇತ್ತು. ಎದುರಿಗೆ ಒಂದು ಕೃತಿ ಇದೆ, ಅದು ಪೂರ್ತಿಯಾಗಿಲ್ಲ, ಆದರೂ ಬೆಲೆ ಕಟ್ಟಬೇಕು. ಸೆಮಿನಾರುಗಳಲ್ಲಿ ನಾವು ಮಾಡುವುದೂ ಇದನ್ನೇ, ಇಷ್ಟು ಖಾರವಾಗಿ ಅಲ್ಲ.

ಮೊದಲು ಡಿಫೆಂಡರನ ಲೆಕ್ಕ ಗೊತ್ತಿರಬೇಕು. ರೈಡರ್ ಮೂವತ್ತು ಸೆಕೆಂಡು ಎದುರು ಅಂಗಳದಲ್ಲಿದ್ದು ಬರಿಗೈಯಲ್ಲಿ ಮರಳಿದರೆ ಅಂಥ ನಷ್ಟವಿಲ್ಲ. ಸತತ ಎರಡು ಖಾಲಿ ರೈಡ್ ಆದ ಮೇಲಷ್ಟೇ ಮೂರನೆಯದು ಮಾಡು ಇಲ್ಲವೇ ಮಡಿ ಆಗುತ್ತದೆ. ಡಿಫೆಂಡರನಿಗೆ ಈ ರಿಯಾಯಿತಿ ಇಲ್ಲ. ಕೈ ಹಾಕಿದನೋ, ಹಿಡಿದರೆ ತನ್ನ ತಂಡಕ್ಕೆ ಒಂದು ಅಂಕ, ಬಿಟ್ಟರೆ ಎದುರಿನವರಿಗೆ ಒಂದು, ಮೇಲಾಗಿ ತಾನೇ ಹೊರಗೆ. ಕೈ ಹಾಕದೆ ನಿಂತರೆ ಯಾರೂ ಬೈಯುವುದಿಲ್ಲ, ಯಾರೂ ನೆನಪಿಡುವುದೂ ಇಲ್ಲ. ಅಂಗಳದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ಹಿಡಿದರೆ ಎರಡು ಅಂಕ, ಅದು ಸೂಪರ್ ಟ್ಯಾಕಲ್. ಮೂಲೆಯಲ್ಲಿ ನಿಲ್ಲುವ ಕಾರ್ನರ್ ಆಟಗಾರ ಇಡೀ ಪಂದ್ಯ 'ಈಗಲೋ, ಇನ್ನೊಂದು ಹೆಜ್ಜೆ ಬರಲೋ' ಎಂದು ಕಾಯುತ್ತಿರುತ್ತಾನೆ. ಆ ಕಾಯುವಿಕೆಯನ್ನು ಮೀರಿ ಮುಂಚೆಯೇ ಮೈಮೇಲೆ ಬೀಳುವವನೇ ನಮ್ಮ ತಕರಾರಿನ ನಾಯಕ.

ಗಂಗಾವತಿಯ ಗೊಬ್ಬರದಂಗಡಿಯ ಮುಂದೆ ಕೇಳಿದ ಮಾತು ಇದು:

"ಅಂವಾ ತಡಿಯೂದಽ ಇಲ್ಲಲೇ. ಹತ್ತು ಸಲ ಬಿದ್ರ ಐದು ಸಲ ತಾನಽ ಹೊರಗ ಕುಂದರ್ತಾನ."

"ಐದು ಸಲ ಹಿಡೀತಾನಲ್ಲ, ಅದನ್ನ್ಯಾಕ ಹೇಳವಲ್ಲಿ?"

"ಹಿಡದದ್ದು ಬ್ಯಾರೆ. ಕೊನೀ ಎರಡು ನಿಮಿಷದಾಗ ಬಿಟ್ಟದ್ದು ಯಾವುದು, ಅದನ್ನ ಹೇಳು."

ಮೂರನೆಯ ಮಾತಿನ ತೂಕ ನೋಡಿ. ಸರಾಸರಿಯನ್ನು ಅದು ಒಪ್ಪುವುದಿಲ್ಲ. ಯಾವ ಹೊತ್ತಿನಲ್ಲಿ, ಯಾರ ಎದುರು ಎಂದು ಕೇಳುತ್ತದೆ. ಒಂದು ಕವನ ಸಂಕಲನದಲ್ಲಿ ಎಷ್ಟು ಒಳ್ಳೆಯ ಕವಿತೆಗಳಿವೆ ಎಂದು ಎಣಿಸುವ ವಿಮರ್ಶಕನಿಗಿಂತ, ಕಷ್ಟದ ವಸ್ತು ಬಂದಾಗ ಕವಿ ಎಲ್ಲಿ ಜಾರಿದ ಎಂದು ನೋಡುವವನು ದೊಡ್ಡವನಲ್ಲವೆ?

ಎಲ್ಲರ ಬಾಯಲ್ಲೂ ಬಂದ ಸಾಕ್ಷಿ ಒಂದೇ, ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ. 2021ರ ಹರಾಜಿನಲ್ಲಿ ಪಟ್ನಾ ಪೈರೇಟ್ಸ್ 31 ಲಕ್ಷಕ್ಕೆ ಕೊಂಡ ಹುಡುಗ. ಕೋವಿಡ್ ಕಾರಣಕ್ಕೆ ಇಡಿಯಾಗಿ ಬೆಂಗಳೂರಿನಲ್ಲೇ, ಪ್ರೇಕ್ಷಕರಿಲ್ಲದೆ ನಡೆದ ಆ ಎಂಟನೇ ಸೀಸನ್ನಿನಲ್ಲಿ 89 ಟ್ಯಾಕಲ್ ಅಂಕ ಗಳಿಸಿದ. ಕಾರ್ನರಿನಲ್ಲಿ ನಿಂತು ಕಾಯಬೇಕಾದವನು ಮುಂದೆ ನುಗ್ಗಿ ಹಿಡಿಯುತ್ತಿದ್ದ. ತಪ್ಪಿದಾಗ ನೋಡುವವರಿಗೆ ಹೊಟ್ಟೆ ಉರಿಯುವಷ್ಟು ಕೆಟ್ಟದಾಗಿ ತಪ್ಪುತ್ತಿದ್ದ. 2023ರಲ್ಲಿ ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟಿತು, ಕಪ್ ಗೆದ್ದಿತು. ಮುಂದಿನ ಸಲ ಹರಿಯಾಣ ಸ್ಟೀಲರ್ಸ್ 2.07 ಕೋಟಿ ಕೊಟ್ಟು ಅದೂ ಕಪ್ ಗೆದ್ದಿತು. 2025ರಲ್ಲಿ ಗುಜರಾತ್ ಜೈಂಟ್ಸ್ 2.23 ಕೋಟಿ ಕೊಟ್ಟಿತು. ಕಪ್ ದಬಾಂಗ್ ದೆಲ್ಲಿಯ ಪಾಲಾಯಿತು. ಅಪಾಯದ ಪರ ವಾದಿಸುವವರು ಮೊದಲ ಎರಡು ವಾಕ್ಯ ಹೇಳಿ ನಿಲ್ಲಿಸುತ್ತಿದ್ದರು. ಗುಜರಾತಿನ ಫಲಿತಾಂಶ ಆಗಿನ್ನೂ ಬಂದಿರಲಿಲ್ಲವಾದ್ದರಿಂದ ವಿರೋಧಿಗಳು ಬೇರೆ ಮಾತು ಹೂಡುತ್ತಿದ್ದರು: ಶಾದ್ಲೂಯಿ ಒಬ್ಬನೇ ಇದ್ದಾನೆ, ಅವನಂತೆ ಬಿದ್ದು ಎದ್ದೇಳದವರನ್ನು ಯಾರು ಲೆಕ್ಕ ಇಟ್ಟಿದ್ದಾರೆ?

ನನಗೆ ಅಚ್ಚರಿಯಾದದ್ದು ಈ ವಾದಗಳ ಶಬ್ದಸಂಪತ್ತು. 'ಹೈ ಪೊಟೆನ್ಶಿಯಲ್', 'ರಿಸ್ಕ್' ಎಂಬ ಟೀವಿಯ ಮಾತುಗಳು ಬರುತ್ತಿದ್ದವು, ನಿಜ. ಜಗಳ ಬಿಸಿಯಾದಂತೆ ಅವು ಉದುರಿ, ದನದ ಸಂತೆಯ ಮಾತು ಏಳುತ್ತಿತ್ತು. "ಇನ್ನಾ ಎರಡು ಹಲ್ಲಿನಂವ", "ಬಾಯಿಗೂಡಿದ್ದನ್ನ ತಂದು ಏನ್ ಮಾಡ್ತೀಯಪಾ", "ನೊಗಕ್ಕ ಹಾಕೂತನಾ ಹ್ಯಾಂಗ ಹೇಳ್ತಿ?". ಹೋರಿಯ ವಯಸ್ಸನ್ನು ಹಲ್ಲಿನಿಂದ ಅಳೆಯುವುದು ರೈತಾಪಿ ಜನಕ್ಕೆ ಗೊತ್ತೇ ಇದೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿ ಕೂಡಿತು. ಎರಡು ಹಲ್ಲಿನದು ಅಗ್ಗ, ಆದರೆ ಗಳೇಕ್ಕೆ ಬಗ್ಗುತ್ತದೋ ಇಲ್ಲವೋ ತಿಳಿಯದು. ಬಾಯಿಗೂಡಿದ್ದು ಕೆಲಸ ಬಲ್ಲದು, ಎಷ್ಟು ವರ್ಷ ಎಳೆದೀತು ಎಂಬುದು ಪ್ರಶ್ನೆ. ಕೊಳ್ಳುವವರು ಸುಳಿ ನೋಡುತ್ತಾರೆ, ಗೊರಸು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ತಂಡದ ಹೆಸರೇ ಬುಲ್ಸ್ ಆಗಿರುವಾಗ ಈ ರೂಪಕವನ್ನು ಯಾರೂ ಕಷ್ಟಪಟ್ಟು ಹುಡುಕಬೇಕಾಗಿರಲಿಲ್ಲ.

ಆದರೆ ಸಂತೆಗೂ ಹರಾಜಿಗೂ ಒಂದು ದೊಡ್ಡ ಅಂತರ ಇದೆ. ಸಂತೆಯಲ್ಲಿ ದಲಾಲಿ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಹೇಳುತ್ತಾನೆ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗುವುದಿಲ್ಲ. ಇದರಿಂದ ಮೋಸಕ್ಕೆ ದಾರಿಯಾಗುತ್ತದೆ ಎಂಬುದು ಹಳೆಯ ದೂರು. ಜೊತೆಗೆ ಒಂದು ಮರ್ಯಾದೆಯೂ ಅದರಲ್ಲಿದೆ: ಎತ್ತು ಎಷ್ಟಕ್ಕೆ ಹೋಗಲಿಲ್ಲ ಎಂಬುದು ಊರಿಗೆಲ್ಲ ಡಂಗುರವಾಗುವುದಿಲ್ಲ. ಮುಂಬೈಯ ಹರಾಜಿನಲ್ಲಿ ಎಲ್ಲವೂ ಬೆಳಕಿನಲ್ಲಿ. ಎ ವರ್ಗದವರಿಗೆ 30 ಲಕ್ಷ, ಬಿಗೆ 20, ಸಿಗೆ 13, ಡಿಗೆ 9 ಎಂದು ಮೂಲಬೆಲೆ. ತಂಡವೊಂದರ ಚೀಲದಲ್ಲಿ ಒಟ್ಟು 5 ಕೋಟಿ. ಪಾರದರ್ಶಕ ಎನ್ನುತ್ತಾರೆ. ಎತ್ತಿಗಿದ್ದ ಟವೆಲ್ಲು ಮನುಷ್ಯನಿಗಿಲ್ಲ.

ನಮ್ಮ ನೆಲದ ಕಥೆಗಳಲ್ಲೇ ಇಂಥ ಆಯ್ಕೆಯ ಜಗಳಗಳಿವೆ. ಗಂಗಾವತಿ ತಾಲೂಕಿನ ಆನೆಗೊಂದಿಯ ಸುತ್ತಣ ಬೆಟ್ಟಗಳನ್ನೇ ಕಿಷ್ಕಿಂಧೆ ಎಂದು ಜನ ನಂಬುತ್ತಾರೆ. ವಾಲ್ಮೀಕಿ ರಾಮಾಯಣದಲ್ಲಿ ಸುಗ್ರೀವನಿಗೆ ರಾಮ ಒಬ್ಬ ಅಪರಿಚಿತ. ವಾಲಿಯ ಎದುರು ಇವನನ್ನು ನಂಬಿ ಇಳಿಯಬಹುದೇ ಎಂಬ ಅನುಮಾನ. ರಾಮ ದುಂದುಭಿಯ ಅಸ್ಥಿಪಂಜರವನ್ನು ಕಾಲ್ಬೆರಳಿನಿಂದ ದೂರಕ್ಕೆ ಚಿಮ್ಮಿ ತೋರಿಸುತ್ತಾನೆ. ಸುಗ್ರೀವ ಒಪ್ಪುವುದಿಲ್ಲ. ವಾಲಿ ಎಸೆದಾಗ ಅದು ರಕ್ತಮಾಂಸ ತುಂಬಿದ ಹಸಿ ದೇಹ, ವಾಲಿಯೋ ಹೊಡೆದಾಡಿ ದಣಿದಿದ್ದ. ಈಗ ಅದು ಒಣ ಎಲುಬು, ಎರಡನ್ನೂ ಹೋಲಿಸುವುದು ಹೇಗೆ ಎನ್ನುತ್ತಾನೆ. ಮತ್ತೆ ಸಾಲವೃಕ್ಷಗಳ ಪರೀಕ್ಷೆ. ಗೊಬ್ಬರದಂಗಡಿಯ ಮುಂದೆ 'ಕೊನೆಯ ಎರಡು ನಿಮಿಷ' ಎಂದವನ ಮಾತಿಗೂ ಸುಗ್ರೀವನ ಮಾತಿಗೂ ನೇರ ನಂಟಿದೆ. ಅಂಕಿಯನ್ನು ಅದು ಹುಟ್ಟಿದ ಸಂದರ್ಭದಿಂದ ಕಿತ್ತು ನೋಡಬೇಡ ಎಂಬುದೇ ಇಬ್ಬರ ಹಟ.

ವಿಭೀಷಣ ಬಂದಾಗಿನ ಸಭೆ ಇದಕ್ಕಿಂತ ಹತ್ತಿರದ್ದು. ಅಂಗದ ಗುಣದೋಷ ತೂಗಿ ನೋಡೋಣ ಎನ್ನುತ್ತಾನೆ, ಶರಭ ಗೂಢಚಾರನನ್ನು ಬಿಡೋಣ ಎನ್ನುತ್ತಾನೆ, ಜಾಂಬವಂತನಿಗೆ ಬಂದ ಸಮಯವೇ ಸಂಶಯ, ಮೈಂದ ಮೆಲ್ಲಗೆ ಪ್ರಶ್ನೆ ಕೇಳಿ ನೋಡೋಣ ಎನ್ನುತ್ತಾನೆ. ಒಡಹುಟ್ಟಿದವನನ್ನೇ ಬಿಟ್ಟವನು ನಮ್ಮನ್ನು ಬಿಡನೇ ಎಂದು ಕೇಳುವವನು ಸುಗ್ರೀವ. ಹನುಮಂತನೊಬ್ಬ ಬಂದವನ ಮುಖ, ದನಿ ಗಮನಿಸಿ, ತೆಗೆದುಕೊಳ್ಳೋಣ ಎನ್ನುತ್ತಾನೆ. ಅಭಿಮಾನಿಗಳ ಗುಂಪಿನಲ್ಲೂ ಈ ಎಲ್ಲರೂ ಇದ್ದರು. ಶರಭನ ಪಾತ್ರ ವಹಿಸಿದವನು ಹಳೆಯ ಪಂದ್ಯಗಳ ವಿಡಿಯೊಗಳನ್ನು ಫೋನಿನಲ್ಲಿ ಇಳಿಸಿಕೊಂಡು ತಿರುಗುತ್ತಿದ್ದ.

ಯಾರು ಯಾವ ಕಡೆ ನಿಂತರು ಎಂಬುದರಲ್ಲೂ ಒಂದು ಕುತೂಹಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಉಂಡ ಗಂಗಾವತಿಯ ಭತ್ತದ ಸೀಮೆಯವರು ಹೆಚ್ಚಾಗಿ ಖಚಿತ ಮಾಲು ಕೇಳುತ್ತಿದ್ದರು. ಮಳೆ ನಂಬಿ ಬಿತ್ತುವ ಕುಷ್ಟಗಿ, ಯಲಬುರ್ಗಾದವರು ಜೂಜಿಗೆ ಸಿದ್ಧರಿದ್ದರು. ಯಲಬುರ್ಗಾದ ಹಿರಿಯರೊಬ್ಬರು ಅಂದದ್ದು: "ನಾವು ವರ್ಸಾ ಮಾಡೂದಽ ಅದು ತಮ್ಮಾ. ಬೀಜ ಒಗದು ಮ್ಯಾಲ ನೋಡೂದು." ಇದನ್ನು ಸಿದ್ಧಾಂತ ಮಾಡಹೊರಟರೆ ನನ್ನ ಮಾರ್ಗದರ್ಶಕರು ಕೆಂಪು ಶಾಯಿ ತೆಗೆಯುತ್ತಾರೆ, ಹತ್ತಿಪ್ಪತ್ತು ಜನರ ಮಾತಿನ ಮೇಲೆ ಒಂದು ಸೀಮೆಯ ಮನಸ್ಸು ಕಟ್ಟಲಾಗದು. ಆದರೂ ಕಿವಿಗೆ ಬಿದ್ದದ್ದು ಹಾಗೆ.

ಈ ಎಲ್ಲ ಮಾತಿನಲ್ಲಿ ಒಂದು ಕೊರತೆ ನನ್ನನ್ನು ಕಾಡಿತು. ರೈಡ್ ಮಾಡುವವನಿಗೆ ಕನ್ನಡದಲ್ಲಿ 'ದಾಳಿಗಾರ' ಎಂಬ ಠೀವಿಯ ಶಬ್ದ ಇದೆ. ಹಿಡಿಯುವವನು ಬರೀ 'ಹಿಡಿಯಾಂವ'. ಕಬಡ್ಡಿ ಎಂದೊಡನೆ ಚಕ್ರವ್ಯೂಹ, ಅಭಿಮನ್ಯು ಎಂದು ಶುರುಮಾಡುವುದು ಭಾಷಣಕಾರರ ವಾಡಿಕೆ. ಅಭಿಮನ್ಯು ಯಾರು? ಒಬ್ಬ ರೈಡರ್. ಹೊಕ್ಕ, ಹೊರಬರಲಾಗಲಿಲ್ಲ. ಪಕ್ಕದ ಗದುಗಿನ ಕುಮಾರವ್ಯಾಸನ ದ್ರೋಣಪರ್ವವನ್ನು ನಮ್ಮ ಕಡೆಯ ಗಮಕಿಗಳು ಹಾಡುವಾಗ ಜನ ಕಣ್ಣು ಒರೆಸಿಕೊಳ್ಳುವುದು ಅವನಿಗಾಗಿ. ವ್ಯೂಹದ ಬಾಯಲ್ಲಿ ನಿಂತು ಅರ್ಜುನನ ಹೊರತು ಉಳಿದ ಪಾಂಡವರನ್ನೆಲ್ಲ ಅಂದು ಒಬ್ಬನೇ ತಡೆದವನು ಸೈಂಧವ. ಶಿವನ ವರದಿಂದ ಒಂದೇ ದಿನಕ್ಕೆ ಸಿಕ್ಕ ಬಲ. ಒಂದೇ ಸೀಸನ್ನಿನ ಆಟಗಾರ ಅನ್ನಿ. ಅವನು ಖಳ, ಸರಿ. ಆದರೆ ತಡೆಯುವ ಕೌಶಲಕ್ಕೇ ನಮ್ಮ ಕಾವ್ಯಗಳಲ್ಲಿ ಹೊಗಳಿಕೆ ಕಡಿಮೆ ಎಂದು ನನಗೆ ಅನಿಸುತ್ತದೆ. ನುಗ್ಗುವವನಿಗೆ ಸೀಸಪದ್ಯ, ತಡೆಯುವವನಿಗೆ ಶಾಪ. ಹರಾಜಿನ ಇತಿಹಾಸ ಇಲ್ಲಿ ಕೊಂಚ ಉದಾರಿ: 2018ರಲ್ಲಿ ಮೊದಲು 1 ಕೋಟಿ ಮುಟ್ಟಿದ ಆಟಗಾರ ಡಿಫೆಂಡರನೇ, ಯು ಮುಂಬಾ ಕೊಂಡ ಫಜಲ್ ಅತ್ರಾಚಲಿ.

ಹರಾಜಿನ ದಿನ ಬುಲ್ಸ್ ಜೂಜಾಡಿತು. ಹತ್ತನೇ ಸೀಸನ್ನಿನಲ್ಲಿ ದಬಾಂಗ್ ದೆಲ್ಲಿಗೆ ಆಡಿ ಹೊಸ ಯುವ ಆಟಗಾರನ ಪ್ರಶಸ್ತಿ ಪಡೆದಿದ್ದ ಯೋಗೇಶ್ ದಹಿಯಾಗೆ 1.125 ಕೋಟಿ ಕೊಟ್ಟಿತು. ಬಂಗಾಳ ಮತ್ತು ಪುಣೆ ತಂಡಗಳಿಗೆ ಕಪ್ ಗೆದ್ದುಕೊಟ್ಟ ನಮ್ಮವರೇ ಆದ ಬಿ.ಸಿ. ರಮೇಶ್ ಹೊಸ ಕೋಚ್ ಎಂಬ ಸಮಾಧಾನ ಹಲವರಿಗಿತ್ತು. ಕುಷ್ಟಗಿಯವರು ಗೆದ್ದಂತೆ ಕುಣಿದರು. ಗಂಗಾವತಿಯವರು "ನೋಡೂಣಂತ" ಎಂದರು.

ಆ ಹೊತ್ತಿಗೆ ನನ್ನ ತಲೆಯಲ್ಲಿ ಬೇರೆ ಮಾತೊಂದು ಓಡುತ್ತಿತ್ತು. ಮೊದಲ ಸಂಕಲನ ತಂದ ಕವಿಯನ್ನು ನಾವು 'ಭರವಸೆಯ ಕವಿ' ಎನ್ನುತ್ತೇವೆ. ಅದರಲ್ಲಿ ಮೆಚ್ಚುಗೆಯೂ ಇದೆ, ನುಣುಚಿಕೊಳ್ಳುವಿಕೆಯೂ ಇದೆ. ಇವತ್ತಿನ ಕವಿತೆಯ ಬಗ್ಗೆ ತೀರ್ಪು ಕೊಡದೆ ನಾಳೆಯ ಕವಿತೆಯ ಮೇಲೆ ಭಾರ ಹಾಕಿ ಎದ್ದುಹೋಗುವ ಉಪಾಯ ಅದು. ಕಬಡ್ಡಿಯ ಅಭಿಮಾನಿಗೆ ಆ ಸೌಕರ್ಯವಿಲ್ಲ. ಅವನ ಮಾತು ಮೂರು ತಿಂಗಳಲ್ಲಿ ಮ್ಯಾಟಿನ ಮೇಲೆ ನಿಂತು ಉತ್ತರ ಹೇಳುತ್ತದೆ. ಅದಕ್ಕೇ ಅವನ ಭಾಷೆ ಹರಿತ. ಹರಿತವಾದದ್ದು ಮೃದುವಾಗಿರಬೇಕೆಂದಿಲ್ಲ. ಎರಡು ವಾರ ನಾನು ಕೇಳಿದ ಅಷ್ಟೂ ಮಾತಿನಲ್ಲಿ 'ರಿಸ್ಕ್' ಎಂದರೆ ತಂಡಕ್ಕೆ, ಮಾಲೀಕರಿಗೆ, ಹೆಚ್ಚೆಂದರೆ ಅಭಿಮಾನಿಯ ಆಸೆಗೆ ಇರುವ ರಿಸ್ಕ್. ಎಂಬತ್ತು ಕಿಲೊ ತೂಕದ ಮನುಷ್ಯ ಪೂರ್ತಿ ವೇಗದಲ್ಲಿ ತಿರುಗುವಾಗ ಅವನ ಪಾದಕ್ಕೆ ಮೈ ಒಡ್ಡಿ ಬೀಳುವವನ ಭುಜ, ಮೊಣಕಾಲು ಆ ಲೆಕ್ಕದಲ್ಲಿ ಒಮ್ಮೆಯೂ ಬರಲಿಲ್ಲ. ಬಂದಾಗಲೂ ಹೋರಿಯ ಗೊರಸು ಬಂದಂತೆಯೇ ಬಂತು: ಗಾಯ ಇದೆಯಂತೆ, ಬಿಡು ಹಂಗಾರ.

ಯಲಬುರ್ಗಾ ತಾಲೂಕಿನ ಹಳ್ಳಿಯೊಂದರಲ್ಲಿ ಜಾತ್ರೆಯ ಟೂರ್ನಿಗಳಿಗೆ ಎಡ ಕಾರ್ನರ್ ಆಡುವ ಹುಡುಗನೊಬ್ಬನ ಪರಿಚಯ ನನಗಿದೆ. ಐಟಿಐ ಓದುತ್ತಾನೆ. ಮಣ್ಣಿನಲ್ಲಿ ಕಲಿತವನು, ಮ್ಯಾಟ್ ಮೇಲೆ ಪಾದ ಬೇರೆ ರೀತಿ ಕಚ್ಚುತ್ತದೆ, ಅದಕ್ಕೆ ಮೊಣಕಾಲು ತಿರುಚಿಕೊಂಡು ಒಂದು ಬೇಸಗೆ ಕೂತಿದ್ದ. ಹರಾಜನ್ನು ಅವನು ತನ್ನ ಮಾವನ ಫೋನಿನಲ್ಲಿ ಎರಡೂ ದಿನ ನೋಡಿದ್ದಾನೆ. ಯೋಗೇಶನ ಬಗ್ಗೆ ಏನನ್ನಿಸಿತು ಎಂದು ಕೇಳಿದೆ. ಅದಕ್ಕೆ ಅವನು ಉತ್ತರ ಕೊಡಲಿಲ್ಲ.

"ಅಣ್ಣಾ, ಅನ್‌ಸೋಲ್ಡ್ ಅಂತ ಹೇಳ್ತಾರಲ್ಲ, ಆ ಹೊತ್ತಿಗೆ ಅವರು ಎಲ್ಲಿ ಕುಂತು ನೋಡಾಕತ್ತಿರ್ತಾರ? ಮನ್ಯಾಗೇನು?"