ಶಿಶುಸಾಹಿತ್ಯದ ರಚನಾಕ್ರಮ: ಒಂದು ಟಿಪ್ಪಣಿ

ಮಕ್ಕಳಿಗಾಗಿ ಬರೆಯುವವರು ತಮ್ಮ ರಚನಾಕ್ರಮವನ್ನು ಕುರಿತು ಮಾತನಾಡುವಾಗ ಮೂಲ, ಸಂದರ್ಭ, ಉದ್ದೇಶಗಳನ್ನೇ ಹೆಚ್ಚಾಗಿ ಪ್ರಸ್ತಾಪಿಸುತ್ತಾರೆ. ಇಂತಹ ನಿವೇದನೆ ಕನ್ನಡಕ್ಕೆ ಹೊಸದಲ್ಲ. ಸು. 1031ರಲ್ಲಿ 'ಪಂಚತಂತ್ರ'ವನ್ನು ರಚಿಸಿದ ದುರ್ಗಸಿಂಹನು ತಾನು ವಸುಭಾಗಭಟ್ಟನ ಸಂಸ್ಕೃತ ಕೃತಿಯನ್ನು ಅನುಸರಿಸಿರುವುದಾಗಿ ಹೇಳಿಕೊಂಡಿದ್ದಾನೆ. ಆದರೆ ಮೂಲ ತಿಳಿದ ಮಾತ್ರಕ್ಕೆ ರಚನೆಯ ಬಗೆ ತಿಳಿಯದು; ಅದನ್ನು ಕೃತಿಯ ಭಾಷೆಯಲ್ಲಿಯೇ ಅರಸಬೇಕೆಂಬುದು ನಮ್ಮ ನಿಲುವು.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಇದಕ್ಕೆ ತಕ್ಕ ನಿದರ್ಶನ. ಇದಕ್ಕೆ ಮೂಲವಾದ ರಾಬರ್ಟ್ ಬ್ರೌನಿಂಗನ ಕವಿತೆ ಅಸ್ವಸ್ಥ ಬಾಲಕನೊಬ್ಬನಿಗಾಗಿ ಹುಟ್ಟಿ, 1842ರಲ್ಲಿ ಪ್ರಕಟವಾಯಿತು. ಕನ್ನಡದಲ್ಲಿ ವೇಸರ್ ನದಿಯ ಎಡೆಯಲ್ಲಿ ತುಂಗೆ ಬಂದಿರುವುದೂ ಕೊಳಲಿನವನು ಕಿಂದರಿ ಹಿಡಿದ ಜೋಗಿಯಾಗಿರುವುದೂ ಮೇಲ್ನೋಟಕ್ಕೇ ಕಾಣುವ ಬದಲಾವಣೆಗಳು. ಅವುಗಳಿಗಿಂತ ಮಹತ್ತ್ವದ್ದು ಇಲಿಗಳ ವರ್ಣನೆ. ಬ್ರೌನಿಂಗನ ಇಲಿಗಳಿಗೂ ನಂಟರಿಷ್ಟರುಂಟು. ಆದರೆ ಕುವೆಂಪು ಬಂಧುವಾಚಕಗಳಿಗೆ 'ಇಲಿ' ಶಬ್ದವನ್ನು ಕೂಡಿಸಿ ಸಂಧಿ ಮಾಡುತ್ತಾರೆ. ಕೇಶಿರಾಜನು ನಿರೂಪಿಸಿದ ಲೋಪಸಂಧಿ ಇಲ್ಲಿ ಮಕ್ಕಳ ನಾಲಗೆಯ ಆಟವಾಗುತ್ತದೆ. ಈ ಸೊಗಸು ಮೂಲದಿಂದ ಬಂದುದಲ್ಲ, ಕನ್ನಡದ ಶಬ್ದಸ್ವಭಾವದಿಂದ ಮೂಡಿದುದು. ಆದುದರಿಂದ ಇದನ್ನು ಕೇವಲ ಅನುವಾದವೆಂದು ಬದಿಗಿರಿಸುವುದು ಉಚಿತವಲ್ಲ. ಹೆಸರುಗಳನ್ನಷ್ಟೇ ಬದಲಿಸುವ ರೂಪಾಂತರಗಳಿಗೆ ಈ ಮಾತು ಅನ್ವಯಿಸದೆಂಬುದೂ ನಿಜ.

ಹೈದರಾಬಾದಿನಂತಹ ನಗರಗಳಲ್ಲಿ ಮನೆಯೊಳಗೆ ಕನ್ನಡವನ್ನು ಕೇಳಿ, ಶಾಲೆಯಲ್ಲಿ ಅನ್ಯಭಾಷೆಯನ್ನು ಓದುವ ಮಕ್ಕಳಿಗೆ ಕನ್ನಡ ಕಿವಿಯ ಮೂಲಕವೇ ದಕ್ಕಬೇಕಾಗಿದೆ. ಅಂಥವರಿಗೆ ಇಂತಹ ಪದ್ಯ ಅಕ್ಷರಾಭ್ಯಾಸಕ್ಕೂ ಮೊದಲೇ ಒದಗಬಲ್ಲದು. ಆದಕಾರಣ ಹೊರನಾಡಿನ ಸಂಶೋಧಕರು ಲೇಖಕರ ಹೇಳಿಕೆಗಳನ್ನು ಸಂಗ್ರಹಿಸುವುದರ ಜೊತೆಗೆ ಕೃತಿಗಳ ಶ್ರವಣಗುಣವನ್ನೂ ಪರಿಶೀಲಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.