ಅಜ್ಜಿಯ ಟ್ರಂಕಿನ ಇಳಕಲ್ ಸೀರೆ

ಗಿಲ್ಲೆಸುಗೂರಿನಿಂದ ರಾಯಚೂರಿನ ಕಾಲೇಜಿಗೆ ನಾನು ಆಗಾಗ ಅಜ್ಜಿಯ ಇಳಕಲ್ ಸೀರೆ ಉಟ್ಟೇ ಹೋಗುತ್ತೇನೆ. ‘ಏನವ್ವಾ, ಇವತ್ತ ಮದಿವಿ ಐತೇನು?’ ಎಂದು ಬಸ್ಸಿನಲ್ಲಿ ಯಾರಾದರೂ ಕೇಳುವುದು ಮಾಮೂಲು. ಕೇಳಲಿ ಬಿಡಿ.

ಆ ಸೆರಗನ್ನು ಹತ್ತಿರದಿಂದ ನೋಡಬೇಕು. ಕೆಂಪು ರೇಷ್ಮೆಯ ನಡುವೆ ಬಿಳಿಯ ತೋಪತೆನೆ: ಜೋಳದ ತೆನೆ, ಹಣಿಗೆಯ ಹಲ್ಲು, ಕೋಟೆಗೋಡೆಯ ಸಾಲು. ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡರ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಹೀಗಾಗಿ ಮಗ್ಗಕ್ಕೆ ಒಂದು ಸಲಕ್ಕೆ ಒಂದೇ ಸೀರೆಯ ಹಾಸು. ಮುಂದಿನದಕ್ಕೆ ಮತ್ತೆ ಮೊದಲಿನಿಂದ ಕೊಂಡಿ. ಅಜ್ಜಿಯ ಸೀರೆಯಲ್ಲಿ ಒಡಲು ಸವೆದು ಮೆತ್ತಗಾಗಿದೆ, ಆ ಕೂಡು ಮಾತ್ರ ಜಗ್ಗಿಲ್ಲ. ಬಾಗಲಕೋಟೆ ಜಿಲ್ಲೆಯ ಈ ನೇಯ್ಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಜೊತೆಗೆ ತೊಡುವ ಗುಳೇದಗುಡ್ಡದ ಖಣಕ್ಕೂ ಇದೆ.

ಹೊಸ ಬಟ್ಟೆಯನ್ನು ಹಳೆಯದರಂತೆ ಮಾಸಲು ಮಾಡಿ ದುಬಾರಿಗೆ ಮಾರುವ ಕಾಲವಿದು. ನಮ್ಮ ಮನೆಗಳಲ್ಲಿ ನಿಜವಾದ ಹಳೆಯದು ಟ್ರಂಕಿನಲ್ಲಿದೆ, ಇಲ್ಲವೇ ಆಗಲೇ ಕೌದಿಯಾಗಿದೆ. ಕೌದಿಗೆ ಕತ್ತರಿ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಗಟ್ಟಿಯಿದ್ದರೆ ಗಾಳಿಗೆ ಹರವಿ, ಮಡಿಕೆ ಬದಲಿಸಿ ಇಡಿ. ಹಳೆಯ ರೇಷ್ಮೆ ಹರಿಯುವುದು ಮಡಿಕೆಯಲ್ಲೇ.