ಗೆಜೆಟಿಯರಿನ ವಿಜಾಪುರ: ಒಂದು ಮರುಓದು

ವಿಜಾಪುರ ಜಿಲ್ಲೆಯ ಚರಿತ್ರೆಯನ್ನು ಬರೆಯಹೊರಟವರು ಇಂದಿಗೂ ಮೊದಲು ಕೈಗೆತ್ತಿಕೊಳ್ಳುವುದು ಮುಂಬಯಿ ಪ್ರಾಂತದ ಗೆಜೆಟಿಯರಿನ 23ನೆಯ ಸಂಪುಟವನ್ನು. ಜೇಮ್ಸ್ ಕ್ಯಾಂಪ್‌ಬೆಲ್ಲನ ಸಂಪಾದಕತ್ವದಲ್ಲಿ 1884ರಲ್ಲಿ ಪ್ರಕಟವಾದ ಈ ಗ್ರಂಥವನ್ನು ನಾವು ಆಕರವೆಂದು ಬಳಸಿದ್ದೇವೆಯೇ ಹೊರತು ಕೃತಿಯೆಂದು ಓದಿದ್ದು ಕಡಿಮೆ. ಅದರ ಮಾಹಿತಿಯ ವಿಪುಲತೆಯನ್ನು ಅಲ್ಲಗಳೆಯುವಂತಿಲ್ಲ. ಪ್ರಶ್ನೆಯಿರುವುದು ಆ ಮಾಹಿತಿಯನ್ನು ಜೋಡಿಸಿದ ಕ್ರಮದಲ್ಲಿ.

1876–78ರ ಬರವನ್ನೇ ತೆಗೆದುಕೊಳ್ಳಬಹುದು. ಆಗ ಕಲಾದಗಿ ಎಂಬ ಹೆಸರಿದ್ದ ಈ ಜಿಲ್ಲೆಯ ಜನಸಂಖ್ಯೆ 1872ರ ಗಣತಿಯಲ್ಲಿ ಎಂಟು ಲಕ್ಷವನ್ನು ಮೀರಿತ್ತು; 1881ರ ಹೊತ್ತಿಗೆ ಅದು ಆರೂವರೆ ಲಕ್ಷಕ್ಕಿಂತ ಕೆಳಗಿಳಿದಿತ್ತು. ಇಷ್ಟು ದೊಡ್ಡ ಜನನಾಶಕ್ಕೆ ಗೆಜೆಟಿಯರು ಕೊಟ್ಟ ಸ್ಥಾನವಾದರೂ ಯಾವುದು? 'ಬೇಸಾಯ'ದ ಅಧ್ಯಾಯ. ಮಣ್ಣು, ಎತ್ತು, ಬೆಳೆಗಳ ವಿವರಣೆಯ ಸಾಲಿನಲ್ಲಿ ಬರವೂ ಒಂದು. ಕಂದಾಯ ಮತ್ತು ಭೂಮಾಪನೆಗೆ ಬೇರೊಂದು ಅಧ್ಯಾಯ, ವ್ಯಾಪಾರಕ್ಕೆ ಮತ್ತೊಂದು. ಕಂದಾಯವನ್ನು ಮಾಫಿ ಮಾಡುವುದಕ್ಕಿಂತ ಮುಂದೂಡುವುದರಲ್ಲೇ ಸರಕಾರಕ್ಕಿದ್ದ ಒಲವು, ಧಾನ್ಯದ ವ್ಯಾಪಾರದಲ್ಲಿ ಕೈಹಾಕಬಾರದೆಂಬ ಅದರ ಹಟ, 1877ರ ಜನವರಿಯಲ್ಲಿ ಬರಗಾಮಗಾರಿಯ ಕೂಲಿಯನ್ನು ರಿಚರ್ಡ್ ಟೆಂಪಲ್ ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕಕ್ಕೆ ಇಳಿಸಿದ್ದು, ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಬೇಕಾದ ಓದುಗನಿಗೆ ಅಧ್ಯಾಯಗಳ ಗೋಡೆಗಳೇ ಅಡ್ಡಬರುತ್ತವೆ. ಮಳೆ ಬರಲಿಲ್ಲ, ಜನ ಸತ್ತರು ಎಂಬ ತೀರ್ಮಾನಕ್ಕೆ ಅವನು ತಾನಾಗಿಯೇ ಬಂದು ನಿಲ್ಲುತ್ತಾನೆ. ಸುಳ್ಳು ಹೇಳದೆಯೇ ಸತ್ಯವನ್ನು ಚದುರಿಸುವ ಬಗೆ ಇದು.

ಈ ಕ್ರಮದ ಫಲವನ್ನು ನಗರದ ಪಶ್ಚಿಮಕ್ಕಿರುವ ತಿಕೋಟಾ, ನೈಋತ್ಯಕ್ಕಿರುವ ಬಬಲೇಶ್ವರ ಸೀಮೆಗಳು ಚೆನ್ನಾಗಿ ತೋರಿಸುತ್ತವೆ. ಹಿಂಗಾರಿ ಜೋಳವನ್ನು ನಂಬಿದ ಈ ಭಾಗಕ್ಕೆ 'ಬರದ ನಾಡು' ಎಂಬ ಹಣೆಪಟ್ಟಿ ಅಂಟಿಕೊಂಡು ಎಷ್ಟೋ ಕಾಲವಾಯಿತು. ಆದರೆ ತಿಕೋಟಾದ ದಾರಿಯಲ್ಲಿರುವ ತೊರವಿಯಿಂದಲೇ ಆದಿಲ್‌ಶಾಹಿ ರಾಜಧಾನಿಗೆ ಸುರಂಗನಾಲೆಗಳ ಮೂಲಕ ನೀರು ಹರಿಯುತ್ತಿತ್ತು. ಬಬಲೇಶ್ವರ ಸೀಮೆಯ ಮಮದಾಪುರದಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲದ (1627–56) ವಿಶಾಲವಾದ ಕೆರೆಯಿದೆ. ಗೆಜೆಟಿಯರಿನ ಕ್ರಮದಲ್ಲಿ ಇಂಥವು 'ಸ್ಥಳವಿವರ'ಕ್ಕೆ ಸೇರುತ್ತವೆ, ಬರದ ಚರ್ಚೆಗಲ್ಲ. ನೀರಿನ ಚರಿತ್ರೆ ಅವಶೇಷಗಳ ಪಟ್ಟಿಯಾಯಿತು. (ತುಬಚಿ–ಬಬಲೇಶ್ವರ ಏತ ನೀರಾವರಿಯ ಬಗ್ಗೆ ಬರೆಯುವವರು ಕೂಡ ಮಮದಾಪುರದ ಕೆರೆಯಿಂದ ಮಾತು ಆರಂಭಿಸುವುದು ಅಪರೂಪ.)

ನಗರದ ವಿಷಯದಲ್ಲಿಯೂ ಇದೇ ದೃಷ್ಟಿ. 1848ರಲ್ಲಿ ಸಾತಾರಾ ಸಂಸ್ಥಾನವು ಕಂಪನಿಯ ವಶವಾದಾಗ ವಿಜಾಪುರವೂ ಅದರೊಂದಿಗೆ ಹೋಯಿತು. ಐದು ವರ್ಷಗಳಲ್ಲಿ, ಎಂದರೆ 1853ರಲ್ಲಿ, ಆಸಾರ್ ಮಹಲಿನಲ್ಲಿ ಉಳಿದಿದ್ದ ನಾನೂರಕ್ಕೂ ಹೆಚ್ಚು ಹಸ್ತಪ್ರತಿಗಳು ಲಂಡನ್ ಸೇರಿದವು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಾಗ ಹಳೆಯ ಅರಮನೆಗಳೇ ಕಚೇರಿಗಳಾದವು. ಬುಖಾರಾ ಮಸೀದಿಯಲ್ಲಿ ಅಂಚೆ ಕಚೇರಿ ನಡೆಯಿತು. ಹೆನ್ರಿ ಕಝಿನ್ಸನ 1916ರ ಬೃಹತ್ ಗ್ರಂಥ ಕಟ್ಟಡಗಳನ್ನು ಅಳೆದ ನಿಷ್ಠೆ ಮೆಚ್ಚತಕ್ಕದ್ದೇ. ಆದರೆ ಗ್ರಂಥಾಲಯವನ್ನು ಕಳೆದುಕೊಂಡ ನಗರವು ನಮ್ಮ ಮುಂದೆ ಬರಿಯ ಗುಮ್ಮಟಗಳ ನಗರವಾಗಿ ನಿಂತದ್ದು ಆಕಸ್ಮಿಕವಲ್ಲ.

ಎದುರುದನಿ ಇರಲಿಲ್ಲವೆಂದಲ್ಲ. ಗೆಜೆಟಿಯರು ಹೊರಬಂದ ಮರುವರ್ಷದಿಂದಲೇ ಜೆ. ಎಫ್. ಫ್ಲೀಟ್ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸತೊಡಗಿದ. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು, ಆದಾಯ ತೆರಿಗೆ ಅವುಗಳ ವಸ್ತು. ತೆರಿಗೆ ಹೇರಿದವರು ಯಾರು, ಆಯುಧ ಕಸಿದವರು ಯಾರು ಎಂದು ಲಾವಣಿಕಾರ ನೇರವಾಗಿಯೇ ಹೇಳುತ್ತಾನೆ. ಅಧ್ಯಾಯಗಳಲ್ಲಿ ಚದುರಿದ ಕಾರ್ಯಕಾರಣ ಇಲ್ಲಿ ಒಂದೇ ಉಸಿರಿನಲ್ಲಿದೆ. ಈ ದನಿಯೂ ನಮಗೆ ದೊರೆತದ್ದು ಅದೇ ಆಡಳಿತದ ಅಧಿಕಾರಿಯೊಬ್ಬನ ಕೈಯಿಂದ ಎಂಬ ತೊಡಕನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

2014ರಲ್ಲಿ ಸರಕಾರಿ ದಾಖಲೆಗಳಲ್ಲಿ ಬಿಜಾಪುರವು ವಿಜಯಪುರವಾಯಿತು. ಆಸಾರ್ ಮಹಲಿನ ಹಸ್ತಪ್ರತಿಗಳು ಮಾತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಲ್ಲಿನ ಅರಬ್ಬೀ ಕೃತಿಗಳನ್ನು ಹುಡುಕಹೊರಟ ವಿಜಾಪುರದ ಸಂಶೋಧಕನು ಇಂದಿಗೂ 1877ರಲ್ಲಿ ಒಟ್ಟೊ ಲೋಥ್ ಸಿದ್ಧಪಡಿಸಿದ ಸೂಚಿಯನ್ನು ಬಿಚ್ಚಬೇಕಾಗುತ್ತದೆ.